ಓದುಗರ ಪ್ರಶ್ನೆ: ಮಕ್ಕಳ ಕಿವಿ, ಇಯರ್‌ಬಡ್ಸ್ ಮತ್ತು ಬಸ್ಸಿನ ಗಲಾಟೆ

ಮಕ್ಕಳ ಹೆಡ್‌ಫೋನ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆವು. ಹೆಚ್ಚಿನವರು ಕೇಳಿರುವುದು ಒಂದೇ: ದಿನಕ್ಕೆ ಎಷ್ಟು ಹೊತ್ತು ಬಿಡಬಹುದು? ಅದಕ್ಕೆ ಉತ್ತರ ಇದೆ, ಕೆಳಗೆ ಕೊಟ್ಟಿದ್ದೇನೆ. ಆದರೆ ನಮ್ಮ ಕ್ಲಿನಿಕ್ಕಿಗೆ ಮಕ್ಕಳನ್ನು ಕರೆದುಕೊಂಡು ಬರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಎಲ್ಲಿ ಕೂತು ಕೇಳುತ್ತಾನೆ? ಅದನ್ನು ತಿಳಿದುಕೊಂಡರೆ ಅರ್ಧ ಕಥೆ ಗೊತ್ತಾಗುತ್ತದೆ.

ಮಗ ಎಂಟನೇ ಕ್ಲಾಸು. ಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬರಲು ಒಂದೂವರೆ ಗಂಟೆ. ಅಷ್ಟು ಹೊತ್ತೂ ಕಿವಿಯಲ್ಲಿ ಇಯರ್‌ಬಡ್ಸ್. ಮನೆಯಲ್ಲಿ ಕರೆದರೆ ಒಂದೇ ಸಲಕ್ಕೆ ಓ ಅನ್ನುವುದಿಲ್ಲ. ಈಚೆಗೆ ಟಿವಿ ಸೌಂಡೂ ಜಾಸ್ತಿ ಮಾಡಿಕೊಳ್ಳುತ್ತಾನೆ. ಕಿವಿ ಹಾಳಾಗಿದೆಯೋ, ಸುಮ್ನೆ ನಾಟಕವೋ ಗೊತ್ತಾಗುತ್ತಿಲ್ಲ ಮೇಡಂ.
ಒಬ್ಬ ತಾಯಿ, ತುಮಕೂರು

ಎಂಟನೇ ಕ್ಲಾಸಿನ ಹುಡುಗ ಒಂದೇ ಸಲಕ್ಕೆ ಓ ಅಂದರೆ ಅದೇ ಸುದ್ದಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಟಿವಿ ಸೌಂಡ್ ಜಾಸ್ತಿ ಮಾಡಿಕೊಳ್ಳುವುದು ಮಾತ್ರ ಗಮನಿಸಬೇಕಾದ ವಿಷಯ.

ಒಂದು ಕೆಲಸ ಮಾಡಿ. ಟಿವಿ, ಮಿಕ್ಸಿ ಎಲ್ಲ ಆಫ್ ಮಾಡಿ, ಅವನ ಕಿವಿ ಖಾಲಿ ಇರುವಾಗ ಹಿಂದೆ ನಿಂತು, ಮೆಲ್ಲಗಿನ ದನಿಯಲ್ಲಿ ಸಂಜೆ ಹೊರಗಡೆ ಊಟಕ್ಕೆ ಹೋಗೋಣ್ವಾ ಅಂತ ಕೇಳಿ. ತಕ್ಷಣ ತಿರುಗಿದರೆ ಅರ್ಧ ಸಮಾಧಾನ. ಇದು ಪರೀಕ್ಷೆಯಲ್ಲ, ನಾಟಕ ಹಿಡಿಯುವ ಉಪಾಯ ಅಷ್ಟೇ. ಮಾತಾಡುವಾಗ ಪದೇಪದೇ ಏನು, ಏನು ಅನ್ನುತ್ತಾನಾ? ಒಂದು ಹೇಳಿದರೆ ಇನ್ನೊಂದು ಕೇಳಿಸಿಕೊಳ್ಳುತ್ತಾನಾ? ಬಸ್ಸಿಳಿದ ಮೇಲೆ ಕಿವಿ ಮುಚ್ಚಿದ ಹಾಗೆ ಇದೆ, ಗುಂಯ್ ಅನ್ನುತ್ತಿದೆ ಅಂತ ಯಾವಾಗಲಾದರೂ ಹೇಳಿದ್ದಾನಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಆಡಿಯೋಗ್ರಾಂ ಮಾಡಿಸಿ. ನೋವಿಲ್ಲದ ಪರೀಕ್ಷೆ. ಸದ್ದು ಬರದ ಕೋಣೆಯಲ್ಲಿ ಕೂರಿಸಿ ಬೇರೆ ಬೇರೆ ಸ್ವರ ಕೇಳಿಸುತ್ತಾರೆ, ಕೇಳಿಸಿದಾಗ ಗುಂಡಿ ಒತ್ತಬೇಕು.

ಮನೆಯವರಿಗೆ ಇದು ಸುಲಭಕ್ಕೆ ಗೊತ್ತಾಗದಿರಲು ಕಾರಣ ಇದೆ. ದೊಡ್ಡ ಸದ್ದಿನಿಂದ ಆಗುವ ಹಾನಿ ಮೊದಲು ತಟ್ಟುವುದು ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನ ಎತ್ತರದ ಸ್ವರಗಳಿಗೆ. ನಮ್ಮ ಮಾತಿನ ಗಟ್ಟಿ ಭಾಗ, ಅಂದರೆ ಆ, ಓ, ಮ, ನ ಎಲ್ಲ ಅದಕ್ಕಿಂತ ಕೆಳಗಿವೆ. ಹಾಗಾಗಿ ಮಗುವಿಗೆ ಮಾತು ಕೇಳಿಸುತ್ತಲೇ ಇರುತ್ತದೆ. ಸ, ಶ ಥರದ ತೆಳು ಸದ್ದು ಮಸುಕಾಗುತ್ತದೆ, ಅದೂ ಕ್ಲಾಸಿನಲ್ಲಿ, ಮದುವೆ ಮನೆಯಲ್ಲಿ, ನಾಲ್ಕು ಜನ ಒಟ್ಟಿಗೆ ಮಾತಾಡುವ ಕಡೆ. ಕೇಳಿಸುತ್ತೆ ಆದ್ರೆ ಅರ್ಥ ಆಗಲ್ಲ ಅಂತ ಮಕ್ಕಳು ಹೇಳುವುದು ಇದನ್ನೇ.

ಹಾಗಂತ ಇಯರ್‌ಬಡ್ಸ್‌ನದೇ ತಪ್ಪು ಅಂತ ಈಗಲೇ ತೀರ್ಮಾನ ಮಾಡಬೇಡಿ. ಶೀತ ಆಗಿ ಕಿವಿ ತಮಟೆಯ ಹಿಂದೆ ನೀರು ಕಟ್ಟಿಕೊಂಡಿದ್ದರೂ, ಗುಗ್ಗೆ ಗಟ್ಟಿಯಾಗಿ ಕೂತಿದ್ದರೂ ಕಿವಿ ಮಂದವಾಗುತ್ತದೆ. ಮಕ್ಕಳಲ್ಲಿ ಇವು ತುಂಬಾ ಸಾಮಾನ್ಯ, ಎರಡಕ್ಕೂ ಚಿಕಿತ್ಸೆ ಇದೆ. ಅದಕ್ಕೇ ಮೊದಲು ಇಎನ್‌ಟಿ ಡಾಕ್ಟರ್ ಕಿವಿಯೊಳಗೆ ನೋಡಲಿ, ಆಮೇಲೆ ಆಡಿಯೋಗ್ರಾಂ. ಜಿಲ್ಲಾ ಆಸ್ಪತ್ರೆಯಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ, ಅಲ್ಲಿಗೆ ಹೋಗಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಇನ್ನು ಬಸ್ಸು. ನನಗೆ ನಿಮ್ಮ ಪತ್ರದಲ್ಲಿ ಮುಖ್ಯ ಅನ್ನಿಸಿದ್ದು ಇದೇ. ಇಂಜಿನ್ನು, ಹಾರ್ನು, ತೆರೆದ ಕಿಟಕಿ, ಐವತ್ತು ಮಕ್ಕಳ ಕೂಗಾಟ. ಇಷ್ಟರ ನಡುವೆ ಹಾಡಿನ ಸಾಹಿತ್ಯ ಕೇಳಬೇಕು ಅಂದರೆ ಹೊರಗಿನ ಗಲಾಟೆಗಿಂತ ಹಾಡು ಮೇಲಿರಬೇಕು ಅಲ್ವಾ? ಮಕ್ಕಳಷ್ಟೇ ಅಲ್ಲ, ನಾವೂ ನೀವೂ ಗೊತ್ತಿಲ್ಲದೆ ಏರಿಸುತ್ತೇವೆ. ಮನೆಗೆ ಬಂದು ಅದೇ ಹಾಡು ಅದೇ ವಾಲ್ಯೂಮಿನಲ್ಲಿ ಹಾಕಿದರೆ ಕಿವಿಗೆ ಹೊಡೆದ ಹಾಗಾಗುತ್ತದೆ. ಬಸ್ಸಿನಲ್ಲಿ ಒಂದೂವರೆ ಗಂಟೆ ಕಿವಿ ತಿಂದಿದ್ದು ಅದನ್ನೇ.

ಅದಕ್ಕೆ ಇಯರ್‌ಬಡ್ಸ್ ಕಿತ್ತುಕೊಳ್ಳುವ ಮೊದಲು ಇನ್ನೊಂದು ದಾರಿ ನೋಡಿ. ಫ್ಯಾನ್ ಮಾತ್ರ ಓಡುತ್ತಿರುವ ಕೋಣೆಯಲ್ಲಿ ಕೂತು ಅವನಿಗೆ ಹಿತವಾಗುವ ವಾಲ್ಯೂಮ್ ಇಟ್ಟುಕೊಳ್ಳಲಿ. ಬಸ್ಸಿನಲ್ಲೂ ಅಷ್ಟೇ. ಅಷ್ಟಕ್ಕೆ ಕೇಳಿಸದಿದ್ದರೆ ಆ ಬಸ್ಸು ಹಾಡು ಕೇಳುವ ಜಾಗವಲ್ಲ. ದುಡ್ಡಿಗೆ ತೊಂದರೆ ಇಲ್ಲದಿದ್ದರೆ ನಾಯ್ಸ್ ಕ್ಯಾನ್ಸಲೇಶನ್ ಇರುವ ಹೆಡ್‌ಫೋನ್ ಕೊಡಿಸಿ. ಇಂಜಿನ್ನಿನ ಗುಯ್‌ಗುಡುವ ಸದ್ದನ್ನು ಅದು ಚೆನ್ನಾಗಿ ತಗ್ಗಿಸುತ್ತದೆ, ವಾಲ್ಯೂಮ್ ಏರಿಸುವ ಅಗತ್ಯವೇ ಬೀಳುವುದಿಲ್ಲ. ಆದರೆ ಸೀಟಿನಲ್ಲಿ ಕೂತಿದ್ದಾಗ ಮಾತ್ರ. ಬಸ್ಸಿಳಿದು ರಸ್ತೆ ದಾಟುವಾಗ ಎರಡೂ ಕಿವಿ ಖಾಲಿ ಇರಬೇಕು, ಇದರಲ್ಲಿ ಚೌಕಾಶಿ ಬೇಡ.

ಐದು ವರ್ಷದ ಮಗಳಿಗೆ ಮಕ್ಕಳ ಹೆಡ್‌ಫೋನ್ ತಂದಿದ್ದೇನೆ. ಡಬ್ಬದ ಮೇಲೆ 85 ಡೆಸಿಬಲ್ ಮೀರುವುದಿಲ್ಲ, ಸುರಕ್ಷಿತ ಅಂತ ಬರೆದಿದೆ. ಇನ್ನು ನಿಶ್ಚಿಂತೆಯಿಂದ ಬಿಡಬಹುದಲ್ವಾ?
ಒಬ್ಬ ಅಪ್ಪ, ಬೆಂಗಳೂರು

ಇಲ್ಲ. ಡೆಸಿಬಲ್ ಅಂದರೆ ಸದ್ದು ಎಷ್ಟು ಜೋರು ಅನ್ನುವ ಅಳತೆ. ಹೊತ್ತಿನ ಲೆಕ್ಕ ಬಿಟ್ಟು ಅದನ್ನು ಮಾತ್ರ ಹೇಳಿದರೆ ಅರ್ಧ ಮಾತು. ಆ ಡಬ್ಬ ಬರೆದವರಿಗೆ ಅದು ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ.

85 ಅನ್ನುವುದು ಎಲ್ಲಿಂದ ಬಂತು ಅಂದರೆ, ಕಾರ್ಖಾನೆಯಿಂದ. ಗದ್ದಲದ ಯಂತ್ರಗಳ ನಡುವೆ ದಿನಕ್ಕೆ 8 ಗಂಟೆ ದುಡಿಯುವ ದೊಡ್ಡವರಿಗೆ ಅಮೆರಿಕದಲ್ಲಿ ಶಿಫಾರಸು ಮಾಡಿದ ಮಿತಿ ಅದು. ಆ ಮಿತಿಯಲ್ಲಿದ್ದರೂ ಕೆಲವರ ಕಿವಿ ಹೋಗಬಹುದು ಅಂತ ಒಪ್ಪಿಕೊಂಡೇ ಇಟ್ಟಿದ್ದು. ನಮ್ಮ ಕಾರ್ಖಾನೆ ನಿಯಮಗಳಲ್ಲಂತೂ 8 ಗಂಟೆಗೆ 90 ಡೆಸಿಬಲ್ ತನಕ ಬಿಟ್ಟಿದ್ದಾರೆ. ಐದು ವರ್ಷದ ಮಗುವಿಗೂ ಲೇತ್ ಮೆಷಿನ್ನಿಗೂ ಏನು ಸಂಬಂಧ ಹೇಳಿ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ 2019ರಲ್ಲಿ ಬಿಡುಗಡೆ ಮಾಡಿದ ಮಾನದಂಡ ಒಂದಿದೆ. ಹಾಡು ಕೇಳುವ ಸಾಧನಗಳಿಗೇ ಅಂತ ಮಾಡಿದ್ದು. ದೊಡ್ಡವರಿಗೆ 80 ಡೆಸಿಬಲ್, ವಾರಕ್ಕೆ 40 ಗಂಟೆ. ಮಕ್ಕಳಿಗೆ 75 ಡೆಸಿಬಲ್, ವಾರಕ್ಕೆ 40 ಗಂಟೆ. ಇದನ್ನು ವಾರದ ರೇಷನ್ ಅಂದುಕೊಳ್ಳಿ. ಡೆಸಿಬಲ್ ನಮ್ಮ ಸಾಮಾನ್ಯ ಲೆಕ್ಕದ ಹಾಗೆ ಏರುವುದಿಲ್ಲ. 3 ಜಾಸ್ತಿಯಾದರೆ ಸದ್ದಿನ ಶಕ್ತಿ ಎರಡು ಪಟ್ಟು, ಕೇಳಬಹುದಾದ ಹೊತ್ತು ಅರ್ಧ. 78ಕ್ಕೆ ವಾರಕ್ಕೆ 20 ಗಂಟೆ. 81ಕ್ಕೆ 10. 84ಕ್ಕೆ 5. ನಿಮ್ಮ ಡಬ್ಬದ 85ಕ್ಕೆ ಬಂದರೆ ವಾರಕ್ಕೆ ಉಳಿಯುವುದು 4 ಗಂಟೆ, ಅಂದರೆ ದಿನಕ್ಕೆ ಮುಕ್ಕಾಲು ಗಂಟೆಯೂ ಇಲ್ಲ. ಪೂರ್ತಿ ವಾಲ್ಯೂಮ್ ಇಟ್ಟು, ಮಗು ಊಟ ಮಾಡುವಾಗ ಒಂದು ಕಾರ್ಟೂನು, ನಿದ್ದೆಗೆ ಮೊದಲು ಒಂದು ಅಂತ ಬಿಟ್ಟರೆ ಮಂಗಳವಾರ ಬುಧವಾರಕ್ಕೆಲ್ಲ ರೇಷನ್ ಖಾಲಿ.

ತಂದಿದ್ದು ದಂಡ ಅಲ್ಲ. ಮಿತಿಯೇ ಇಲ್ಲದ್ದಕ್ಕಿಂತ 85ರ ಮಿತಿ ಇರುವುದು ಎಷ್ಟೋ ವಾಸಿ, ಯಾಕೆಂದರೆ ಮಾಮೂಲಿ ಫೋನು, ಇಯರ್‌ಫೋನು ಪೂರ್ತಿ ವಾಲ್ಯೂಮಿನಲ್ಲಿ 100 ಮುಟ್ಟುವುದೂ ಉಂಟು. ಮಕ್ಕಳ ಲೆಕ್ಕದಲ್ಲಿ 100ಕ್ಕೆ ವಾರವಿಡೀ ಸೇರಿ ಸಿಗುವುದು ಏಳೆಂಟು ನಿಮಿಷ. ನಿಮ್ಮ ಹೆಡ್‌ಫೋನಿನಲ್ಲೇ ವಾಲ್ಯೂಮ್ ಅರ್ಧದ ಆಸುಪಾಸು ಇಡಿ. ಮಗು ಹಾಕಿಕೊಂಡಿರುವಾಗ ಒಂದು ಕೈ ದೂರದಿಂದ ಮಾಮೂಲಿ ದನಿಯಲ್ಲಿ ಮಾತಾಡಿಸಿ, ಅವಳಿಗೆ ಕೇಳಬೇಕು. ಇನ್ನೊಂದು, ಆ ವಯಸ್ಸಿಗೆ ಕಿವಿ ಮೇಲೆ ಕೂರುವ ಹೆಡ್‌ಫೋನೇ ಸರಿ. ಚಿಕ್ಕ ಮಕ್ಕಳ ಕಿವಿಯ ನಾಳ ಸಣ್ಣದು. ಅದರೊಳಗೆ ಬಡ್ಸ್ ತೂರಿಸಿ ಮುಚ್ಚಿದರೆ ದೊಡ್ಡವರಿಗೆ ಹಿತವಾಗಿರುವ ಸದ್ದೇ ಅಲ್ಲಿ ಜಾಸ್ತಿ ಒತ್ತಡವಾಗುತ್ತದೆ.

ಮನೆಯಲ್ಲೇ ಇರುವಾಗ ಹೆಡ್‌ಫೋನ್ ಯಾಕೆ ಬೇಕು ಅಂತಲೂ ಒಂದು ಸಲ ಯೋಚಿಸಿ. ಟ್ಯಾಬಿನ ಸ್ಪೀಕರಿನಲ್ಲೇ ಮೆಲ್ಲಗೆ ಹಾಕಬಹುದಲ್ವಾ? ಹೆಡ್‌ಫೋನ್ ಮಗುವಿಗೆ ಬೇಕೋ, ಅದೇ ಕಾರ್ಟೂನಿನ ಹಾಡು ನೂರನೇ ಸಲ ಕೇಳಲಾರದ ನಮಗೆ ಬೇಕೋ! ತಪ್ಪೇನಿಲ್ಲ, ಗೊತ್ತಿದ್ದರೆ ಸಾಕು.

ಫೋನಿನಲ್ಲಿ ಡೆಸಿಬಲ್ ಮೀಟರ್ ಆ್ಯಪ್ ಹಾಕಿಕೊಂಡು ಮಗನ ಇಯರ್‌ಬಡ್ ಪಕ್ಕ ಹಿಡಿದೆ. 62 ತೋರಿಸಿತು. ಅಂದರೆ ಸುರಕ್ಷಿತ ತಾನೇ?
ಶಿವಮೊಗ್ಗದಿಂದ ಒಬ್ಬರು

ನಿಮ್ಮ ಉತ್ಸಾಹ ಮೆಚ್ಚಿದೆ, ಅಳತೆ ಮಾತ್ರ ತಪ್ಪು. ಬಡ್‌ನ ಸದ್ದು ಕಿವಿಯೊಳಗಿನ ಮುಚ್ಚಿದ ಚಿಕ್ಕ ಜಾಗದಲ್ಲಿ ಒತ್ತಡ ಕಟ್ಟುತ್ತದೆ. ಅದನ್ನು ಹೊರಗೆ ಹಿಡಿದರೆ ಸದ್ದು ಚೆದುರಿ ಹೋಗುತ್ತದೆ. ಪ್ರಯೋಗಾಲಯದಲ್ಲಿ ಇದಕ್ಕೆ ಅಂತಲೇ ಕಿವಿಯ ಆಕಾರದ ಮೈಕ್ ಇಟ್ಟು ಅಳೆಯುತ್ತಾರೆ. ಆ್ಯಪ್ ಬೇರೆ ಕಡೆ ಉಪಯೋಗಕ್ಕೆ ಬರುತ್ತದೆ: ಮಗ ಕೂತು ಕೇಳುವ ಜಾಗದ ಗಲಾಟೆ ಅಳೆಯಿರಿ. ಅಲ್ಲೇ 70 ಇದ್ದರೆ ಅವನು ವಾಲ್ಯೂಮ್ ಎಲ್ಲಿಟ್ಟಿರುತ್ತಾನೆ ಅಂತ ನೀವೇ ಊಹಿಸಬಹುದು.

ದ್ವಿತೀಯ ಪಿಯುಸಿ, ನೀಟ್‌ಗೆ ಓದುತ್ತಿದ್ದೇನೆ. ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ. ಪಾಠದ ವಿಡಿಯೋಗಳನ್ನು ದಿನಕ್ಕೆ ಆರೇಳು ಗಂಟೆ ಇಯರ್‌ಫೋನ್ ಹಾಕಿಕೊಂಡೇ ಕೇಳಬೇಕು. ಕೆಲವು ದಿನಗಳಿಂದ ರಾತ್ರಿ ಮಲಗಿದಾಗ ಎಡ ಕಿವಿಯಲ್ಲಿ ಕುಯ್ ಅನ್ನುವ ಸದ್ದು. ಬೆಳಗ್ಗೆ ಇರುವುದಿಲ್ಲ. ಮನೆಯಲ್ಲಿ ಹೇಳಿದರೆ ಫೋನ್ ಕಸಿದುಕೊಳ್ಳುತ್ತಾರೆ. ಏನು ಮಾಡಲಿ?
ಒಬ್ಬ ವಿದ್ಯಾರ್ಥಿನಿ, ದಾವಣಗೆರೆ

ಮೊದಲು ಮನೆಯಲ್ಲಿ ಹೇಳಿ. ಈ ಅಂಕಣ ತೋರಿಸಿಯೇ ಹೇಳಿ. ಅಪ್ಪ ಅಮ್ಮನಿಗೆ ನನ್ನ ಕಡೆಯಿಂದ ಒಂದು ಮಾತು: ಫೋನ್ ಕಸಿದುಕೊಂಡರೆ ಪಾಠವೂ ಹೋಗುತ್ತದೆ, ಮುಂದೆ ಮಗಳು ಏನನ್ನೂ ಹೇಳುವುದೂ ಇಲ್ಲ.

ಪಾಠ ಕೇಳುವುದರಲ್ಲೇ ಅಪಾಯ ಇಲ್ಲ. ಎದುರು ಕೂತು ಮಾತಾಡುವವರ ದನಿ ಸುಮಾರು 60-65 ಡೆಸಿಬಲ್. ಪಾಠವನ್ನೂ ಅಷ್ಟರಲ್ಲೇ ಕೇಳಿದರೆ ಆರೇಳು ಗಂಟೆ ಆದರೂ ಕಿವಿಯ ಒಳಭಾಗಕ್ಕೆ ಹಾನಿಯಿಲ್ಲ. ಆದರೆ ನಿಮ್ಮ ರೂಮಿನಲ್ಲಿ ನಾಲ್ಕು ಜನ ಇದ್ದಾರೆ. ಒಬ್ಬಳು ಜೋರಾಗಿ ಓದುತ್ತಾಳೆ, ಒಬ್ಬಳು ಫೋನಿನಲ್ಲಿ ಮಾತಾಡುತ್ತಾಳೆ, ಮೇಲೆ ಕಿರುಗುಟ್ಟುವ ಫ್ಯಾನು. ಪಾಠ ಹೇಳುವವರು ವೇಗವಾಗಿ ಮಾತಾಡುತ್ತಾರೆ, ಸಾಲದ್ದಕ್ಕೆ ನೀವು ಸ್ಪೀಡ್ ಒಂದೂವರೆಗೆ ಇಟ್ಟಿರುತ್ತೀರಿ. ಒಂದು ಪದ ತಪ್ಪಿದರೂ ಕಷ್ಟ ಅಂತ ವಾಲ್ಯೂಮ್ ಮೇಲೆ ಹೋಗಿರುತ್ತದೆ. ಇಡೀ ದಿನ ಅಲ್ಲೇ ಇದ್ದಿರುತ್ತದೆ.

ಈ ಕುಯ್ ಸದ್ದಿಗೆ ಟಿನ್ನಿಟಸ್ ಅನ್ನುತ್ತಾರೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಆಕಾರದ ಒಂದು ಭಾಗ ಇದೆ, ಕಾಕ್ಲಿಯಾ. ಅದರೊಳಗೆ ಸಣ್ಣ ಕೂದಲಿರುವ ಜೀವಕೋಶಗಳು, ಒಂದು ಕಿವಿಗೆ ಸುಮಾರು 15,000. ಸದ್ದಿನ ಅಲೆಯನ್ನು ಮೆದುಳಿಗೆ ತಿಳಿಯುವ ಹಾಗೆ ಮಾಡುವುದು ಇವೇ. ಜಾಸ್ತಿ ಸದ್ದು ಬಿದ್ದರೆ ಇವು ಸುಸ್ತಾಗುತ್ತವೆ, ಬಿಡುವು ಸಿಕ್ಕಿದರೆ ಚೇತರಿಸಿಕೊಳ್ಳುತ್ತವೆ. ಬಿಡುವು ಸಿಗದೆ ಪದೇಪದೇ ಹೀಗಾದರೆ ಸಾಯುತ್ತವೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಮತ್ತೆ ಹುಟ್ಟುತ್ತವೆ, ನಿಜ ಹೇಳುತ್ತಿದ್ದೇನೆ. ಮನುಷ್ಯರಿಗೆ ಆ ಭಾಗ್ಯ ಇಲ್ಲ. ಬೆಳಗ್ಗೆಗೆ ಸದ್ದು ಹೋಗುತ್ತಿದೆ ಅಂದರೆ ಇನ್ನೂ ಚೇತರಿಸಿಕೊಳ್ಳುವ ಹಂತದಲ್ಲಿ ಇರಬಹುದು. ಆದರೆ ಸದ್ದು ಎಡ ಕಿವಿಯಲ್ಲಿ ಮಾತ್ರ ಅಂದಿರಿ. ಗುಗ್ಗೆಯಿಂದ ಹಿಡಿದು ಬೇರೆ ಕಾರಣಗಳೂ ಇರಬಹುದು, ಹಾಗಾಗಿ ಈ ವಾರವೇ ಇಎನ್‌ಟಿಗೆ ತೋರಿಸಿ. ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಒಂದು ವೇಳೆ ಇದ್ದಕ್ಕಿದ್ದಂತೆ ಒಂದು ಕಿವಿ ಮಂದವಾದರೆ ಅದು ತುರ್ತು, ಅದೇ ದಿನ ಹೋಗಬೇಕು. ಬೇಗ ಔಷಧಿ ಶುರು ಮಾಡಿದರೆ ಕಿವಿ ಉಳಿಯುವ ಸಾಧ್ಯತೆ ಹೆಚ್ಚು.

ಪಾಠಕ್ಕೆ ಬೇರೆ ಜಾಗ ಹುಡುಕಿ. ಲೈಬ್ರರಿ, ಖಾಲಿ ಕ್ಲಾಸ್‌ರೂಮು, ಊಟದ ಹೊತ್ತು ಮುಗಿದ ಮೇಲಿನ ಮೆಸ್ಸು, ಯಾವುದಾದರೂ ಸರಿ. ವಾಲ್ಯೂಮ್ ತಾನಾಗಿ ಇಳಿಯುತ್ತದೆ. ಸಾಧ್ಯವಾದರೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತಗೊಳ್ಳಿ. ಗಂಟೆಗೊಮ್ಮೆ ಹತ್ತು ನಿಮಿಷ ತೆಗೆದಿಡಿ, ಆಗ ಲೆಕ್ಕ ಬಿಡಿಸಿ, ಕೇಳುವ ಕೆಲಸ ಬೇಡ. ನೋಟ್ಸ್ ಇರುವ ಪಾಠವನ್ನು ಓದಿಯೇ ಮುಗಿಸಬಹುದು. ರಾತ್ರಿ ಹಾಡು ಹಾಕಿಕೊಂಡು ಹಾಗೇ ನಿದ್ದೆ ಹೋಗುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕೇಂದ್ರ ಆರೋಗ್ಯ ಸಚಿವಾಲಯದ ಕಡೆಯಿಂದ 2025ರ ಫೆಬ್ರವರಿಯಲ್ಲಿ ರಾಜ್ಯಗಳಿಗೆ ಹೋದ ಸೂಚನೆಯಲ್ಲಿ ದಿನಕ್ಕೆ 2 ಗಂಟೆ ಮೀರಬೇಡಿ, ನಡುವೆ ಬಿಡುವು ಕೊಡಿ ಅಂತ ಇದೆ. ದಿನಕ್ಕೆ ಎಷ್ಟು ಹೊತ್ತು ಅಂತ ಕೇಳಿದ ಎಲ್ಲರಿಗೂ ಇದೇ ಉತ್ತರ. ನೀಟ್ ಓದುವವರಿಗೆ 2 ಗಂಟೆ ಸಾಲುವುದಿಲ್ಲ ಅಂತ ನನಗೂ ಗೊತ್ತು, ಅದಕ್ಕೇ ಜಾಗ ಬದಲಾಯಿಸಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದು.

ಮೊಮ್ಮಗ ಇಡೀ ದಿನ ಕಿವಿಗೆ ಅದೇನೋ ಸಿಕ್ಕಿಸಿಕೊಂಡಿರುತ್ತಾನೆ. ವಾರಕ್ಕೊಮ್ಮೆ ಬಿಸಿ ಮಾಡಿದ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಎರಡು ಹನಿ ಬಿಟ್ಟರೆ ಕಿವಿ ತಂಪಾಗುತ್ತದೆ ಅಂದರೆ ಸೊಸೆ ಬೇಡ ಅನ್ನುತ್ತಾಳೆ. ನೀವೇ ಹೇಳಿ.
ಒಬ್ಬ ಅಜ್ಜಿ, ಶಿರಸಿ

ಅಜ್ಜಿ, ಈ ಸಲ ನಾನು ನಿಮ್ಮ ಸೊಸೆಯ ಕಡೆ. ಬಿಟ್ಟ ಎಣ್ಣೆ ಕಿವಿ ತಮಟೆಯ ಈಚೆಗೇ ನಿಲ್ಲುತ್ತದೆ, ಸದ್ದಿನಿಂದ ಪೆಟ್ಟಾಗುವುದು ಅದರ ಆಚೆ, ಬಲು ಒಳಗೆ. ತಮಟೆಯಲ್ಲಿ ತೂತಿದ್ದರೆ, ಕಿವಿ ಸೋರುತ್ತಿದ್ದರೆ ಎಣ್ಣೆಯಿಂದ ಸೋಂಕು ಜಾಸ್ತಿಯಾಗುತ್ತದೆ. ಬಿಸಿ ಅಂದಾಜು ತಪ್ಪಿದರಂತೂ ಸುಟ್ಟೇ ಹೋಗುತ್ತದೆ. ತಲೆಗೆ ಎಣ್ಣೆ ಹಚ್ಚಿ, ಆ ಹೊತ್ತಾದರೂ ಅವನು ಅದನ್ನು ಕಿವಿಯಿಂದ ತೆಗೆದಿರುತ್ತಾನೆ. ಹತ್ತಿ ಸುತ್ತಿದ ಕಡ್ಡಿ ಹಾಕಿ ಗುಗ್ಗೆ ತೆಗೆಯುವುದೂ ಬೇಡ, ಅದು ಒಳಗೇ ತಳ್ಳಲ್ಪಟ್ಟು ಗಟ್ಟಿಯಾಗುತ್ತದೆ.

ಬ್ಲೂಟೂತ್ ಬಡ್ಸ್‌ನಿಂದ ಮಕ್ಕಳ ಮೆದುಳಿಗೆ ವಿಕಿರಣ ಹೋಗುತ್ತಂತೆ, ಹೌದಾ?
ಮಂಡ್ಯದಿಂದ

ಬ್ಲೂಟೂತ್ ಶಕ್ತಿ ಮೊಬೈಲನ್ನೇ ಕಿವಿಗೆ ಹಿಡಿದು ಮಾತಾಡುವುದಕ್ಕಿಂತ ಎಷ್ಟೋ ಕಡಿಮೆ. ಅದರಿಂದ ಮೆದುಳಿಗೆ ಕೆಡುಕಾಗುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ವೈರ್ ಇದ್ದರೂ ಇಲ್ಲದಿದ್ದರೂ ಹೆದರಬೇಕಾದ್ದು ವಾಲ್ಯೂಮಿಗೆ.

ಅಮೆರಿಕದಿಂದ ಬೆಂಗಳೂರಿಗೆ ರಜೆಗೆ ಬರುತ್ತಿದ್ದೇವೆ. ಮೂರು ವರ್ಷದ ಮಗು. ವಿಮಾನದಲ್ಲಿ ಟ್ಯಾಬ್ ಇಲ್ಲದೆ ಅಷ್ಟು ಹೊತ್ತು ಕೂರಿಸುವುದು ಅಸಾಧ್ಯ.
ನ್ಯೂಜೆರ್ಸಿಯ ಕನ್ನಡಿಗರು

ಟ್ಯಾಬ್ ಕೊಡಿ, ನಾನೂ ಕೊಡುತ್ತಿದ್ದೆ. ಆದರೆ ವಿಮಾನದೊಳಗಿನ ಇಂಜಿನ್ ಸದ್ದೇ 80ರ ಆಸುಪಾಸು ಇರುತ್ತದೆ, ಅದರ ಮೇಲೆ ಕಾರ್ಟೂನ್ ಕೇಳಿಸಬೇಕಾದರೆ ಬಸ್ಸಿನ ಕಥೆಯೇ. ಕಿವಿ ಮುಚ್ಚುವ, ನಾಯ್ಸ್ ಕ್ಯಾನ್ಸಲೇಶನ್ ಇರುವ ಮಕ್ಕಳ ಹೆಡ್‌ಫೋನ್ ಇದಕ್ಕೆ ಲಾಯಕ್ಕು. ಸೌಂಡ್ ಇಲ್ಲದೆಯೂ ಚಿತ್ರ ನೋಡುವ ಮಕ್ಕಳಿದ್ದಾರೆ, ಒಂದು ಸಲ ಮ್ಯೂಟ್ ಮಾಡಿ ಕೊಟ್ಟು ನೋಡಿ.

ನಮ್ಮ ಓಣಿಯ ಗಣಪತಿ ಮೆರವಣಿಗೆಯಲ್ಲಿ ಡಿಜೆ ಇರುತ್ತದೆ. ಎರಡು ವರ್ಷದ ಮಗಳ ಕಿವಿಗೆ ನನ್ನ ಹೆಡ್‌ಫೋನ್ ಹಾಕಿದರೆ ಸಾಕೇನ್ರಿ?
ಹುಬ್ಬಳ್ಳಿ

ಸಾಲದು. ಅದು ಹಾಡು ಕೇಳಿಸಲು ಮಾಡಿದ್ದು, ಸದ್ದು ತಡೆಯಲು ಅಲ್ಲ. ಸಣ್ಣ ತಲೆಗೆ ಸರಿಯಾಗಿ ಕೂರುವುದೂ ಇಲ್ಲ. ಮಕ್ಕಳ ಅಳತೆಯ ಇಯರ್ ಮಫ್ ಸಿಗುತ್ತದೆ, ಅದನ್ನು ಹಾಕಿ. ಹಾಕಿದ ಮೇಲೂ ಸ್ಪೀಕರ್ ಗಾಡಿಯ ಹತ್ತಿರ ಹೋಗಬೇಡಿ. ನಿಮ್ಮ ಎದೆ ಅದುರುತ್ತಿದೆ ಅಂದರೆ ಅದು ಮಗು ಇರುವ ಜಾಗವಲ್ಲ. ಎರಡು ಮನೆ ಆಚೆ, ಮಹಡಿ ಮೇಲಿಂದ ಗಣಪ್ಪನನ್ನು ತೋರಿಸಿ.

ಹಾಯ್ ಮೇಡಂ, ನಾನು 6ನೇ ಕ್ಲಾಸ್. ಅಮ್ಮ ಪದೇಪದೇ ವಾಲ್ಯೂಮ್ ನೋಡೋಕೆ ಬರ್ತಾರೆ. ನಾನು ಕಮ್ಮೀನೇ ಇಟ್ಕೊಂಡಿರ್ತೀನಿ, ನಂಬಲ್ಲ. ಏನಾದ್ರೂ ಐಡಿಯಾ ಹೇಳಿ.

ಇದೆ ಪುಟ್ಟಾ. ಫೋನಿಗೇ ಬೀಗ ಹಾಕಿಸಿಬಿಡು. ಐಫೋನ್ ಆದರೆ ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗದಲ್ಲಿ ಹೆಡ್‌ಫೋನ್ ಸೇಫ್ಟಿ ಅಂತ ಇದೆ. ಅಲ್ಲಿ ಜೋರು ಸದ್ದು ತಗ್ಗಿಸುವ ಆಯ್ಕೆಯನ್ನು 75 ಡೆಸಿಬಲ್‌ಗೆ ಇಟ್ಟು, ಅದನ್ನು ನೀನು ಬದಲಾಯಿಸದ ಹಾಗೆ ಅಮ್ಮ ಸ್ಕ್ರೀನ್ ಟೈಮ್‌ನಲ್ಲಿ ಲಾಕ್ ಮಾಡಬಹುದು. ಸ್ಯಾಮ್‌ಸಂಗ್ ಆದರೆ ವಾಲ್ಯೂಮ್ ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ವಾಲ್ಯೂಮ್ ಲಿಮಿಟ್ ಇದೆ, ಅದಕ್ಕೂ ಪಿನ್ ಹಾಕಬಹುದು. ಪಿನ್ ಅಮ್ಮನ ಹತ್ತಿರ ಇರಲಿ. ಬೇರೆ ಫೋನುಗಳಲ್ಲಿ ಅರ್ಧ ದಾಟಿದಾಗ ಎಚ್ಚರಿಕೆ ಬಂದರೆ ಸರಿ ಅಂತ ಒತ್ತದೆ ಹಿಂದೆ ಬಾ. ಇದಿಷ್ಟು ಮಾಡಿದ ಮೇಲೂ ಅಮ್ಮ ನೋಡಲು ಬಂದರೆ, ಅವರು ವಾಲ್ಯೂಮ್ ನೋಡಲು ಬರುತ್ತಿಲ್ಲ, ಹೋಮ್‌ವರ್ಕ್ ನೋಡಲು ಬರುತ್ತಿದ್ದಾರೆ.

ಇಯರ್‌ಬಡ್ ತೆಗೆದಾಗ ಅದರ ರಬ್ಬರ್ ಮಗನ ಕಿವಿಯೊಳಗೇ ಉಳಿದಿದೆ. ನೋವಿಲ್ಲ ಅನ್ನುತ್ತಾನೆ. ತಾನಾಗಿ ಬರುತ್ತದಾ?
ಪುತ್ತೂರಿನಿಂದ

ಬರುವುದಿಲ್ಲ. ಪಿನ್ನು, ಚಿಮುಟ, ನೀರು, ಎಣ್ಣೆ ಯಾವುದನ್ನೂ ಪ್ರಯೋಗ ಮಾಡಬೇಡಿ, ಜಾರಿ ಇನ್ನೂ ಒಳಗೆ ಹೋಗುತ್ತದೆ. ಇಎನ್‌ಟಿ ಡಾಕ್ಟರ್ ಸರಿಯಾದ ಬೆಳಕಿನಲ್ಲಿ ನೋಡಿ ಎರಡು ನಿಮಿಷದಲ್ಲಿ ತೆಗೆಯುತ್ತಾರೆ. ಪತ್ರ ಬಂದು ಅಚ್ಚಾಗುವ ಹೊತ್ತಿಗೆ ತೆಗೆಸಿರುತ್ತೀರಿ ಅಂದುಕೊಳ್ಳುತ್ತೇನೆ. ತೆಗೆಸಿಲ್ಲದಿದ್ದರೆ ಈ ಪುಟ ಅಲ್ಲೇ ಬಿಟ್ಟು ಈಗಲೇ ಹೊರಡಿ.